ಏಕನಾಥಮ್ಮನ ಪ್ಲೇಟು

ಹಿರಿಯೂರಿನಲ್ಲಿ ಬಸ್ಸಿನಿಂದ ಕಾಲು ಕೆಳಗಿಟ್ಟ ಕೂಡಲೇ ಏಕನಾಥಮ್ಮನ ಕಿವಿಗೆ ಬಿದ್ದದ್ದು ತನ್ನ ಹಾಡು. ಬೇವಿನ ಮರಕ್ಕೆ ಕಟ್ಟಿದ್ದ ಮೈಕಿನ ಹಾರ್ನಿನಿಂದ ಪೇಟೆಗೆಲ್ಲ ಕೇಳುವಂತೆ ಬರುತ್ತಿತ್ತು. ಪದ ತನ್ನವು, ಮಟ್ಟು ತನ್ನದು, ಹಿಂದೆ ನುಡಿಯುತ್ತಿದ್ದ ಗಿಟಾರು ತಮ್ಮ ಹಾಡಿನ ಪಾರ್ಟಿಯ ಪಾಪಣ್ಣನದೇ. ಹಾಡುತ್ತಿದ್ದವಳು ಮಾತ್ರ ಯಾರೋ ಎಳೆ ಹುಡುಗಿ. ಮದುವೆಗೆ ಬಂದ ಬೀಗರ ಮುಂದೆ ನಾಚಿಕೊಂಡು ಹಾಡುವವಳ ಹಾಗೆ ಕಿರುದನಿಯಲ್ಲಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಅವಸರದಲ್ಲಿ ಹಾಡುತ್ತಿದ್ದಳು.

'ಯಾವಳಿವಳು, ನನ್ನ ಹಾಡು ಎತ್ಕಂಡೋಳು' ಎಂದುಕೊಂಡು ಏಕನಾಥಮ್ಮ ಸೆರಗು ಸಿಕ್ಕಿಸಿ ಬಿರಬಿರನೆ ನಡೆದಳು. ಹತ್ತು ಹೆಜ್ಜೆ ಹೋಗಿರಬೇಕು, ಹಾಡು ಪಲ್ಲವಿ ಮುಗಿಸಿ ಚರಣಕ್ಕೆ ಬಂತು. ಚರಣ ಹಿಡಿಯುವ ಮುಂಚೆ 'ಹ್ಞೂಂ' ಎಂದು ಎದೆಯಿಂದ ಒಂದು ಹೂಂಕಾರ ಎಬ್ಬಿಸುವುದು ಏಕನಾಥಮ್ಮನ ಅಭ್ಯಾಸ. ಅದನ್ನು ಯಾರೂ ಅವಳಿಗೆ ಕಲಿಸಿದ್ದಲ್ಲ, ಯಾರೂ ಅವಳಿಂದ ಕಲಿತಿರಲಿಲ್ಲ. ಆ ಹೂಂಕಾರ ಹಾರ್ನಿನಲ್ಲೂ ಬಂತು. ಬೆಕ್ಕಿನ ಮರಿ ಸೀನಿದ ಹಾಗೆ ಬಂತು.

ಅವಳು ರಸ್ತೆಯ ನಡುವೆ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ಎತ್ತಿನ ಗಾಡಿಯವನು ಬೈದುಕೊಂಡು ಪಕ್ಕಕ್ಕೆ ಹೊಡೆದುಕೊಂಡು ಹೋದ. ಆ ಎಳೆ ಹುಡುಗಿ ಬೇರೆ ಯಾರೂ ಅಲ್ಲ, ತಾನೇ ಎಂದು ಅವಳಿಗೆ ಆಗ ಗೊತ್ತಾಯಿತು.

ಇದು ಎಪ್ಪತ್ತಾರನೇ ಇಸವಿಯ ಮಾತು. ಏಕನಾಥಮ್ಮನಿಗೆ ಆಗ ನಲವತ್ತಾರು ದಾಟಿತ್ತು. ಆ ದಿನದ ಸಿಟ್ಟು ಎಂಥದೆಂದು ತಿಳಿಯಬೇಕಾದರೆ ಅದಕ್ಕೂ ಹಿಂದಿನದನ್ನು ಹೇಳಬೇಕು.

ಹೊಸದುರ್ಗ ತಾಲ್ಲೂಕು ಮಾಡದಕೆರೆಯ ಕುರಿಗಾರ ದೊಡ್ಡತಿಮ್ಮಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ರಂಗಕ್ಕ. ಚಿಕ್ಕವಳು ಹುಟ್ಟುವಾಗ ತಾಯಿ ಚಿತ್ರದುರ್ಗದ ಬೆಟ್ಟದ ಮೇಲಿನ ಅಮ್ಮನಿಗೆ ಹರಕೆ ಹೊತ್ತಿದ್ದಳಾಗಿ ಅವಳಿಗೆ ಆ ಅಮ್ಮನದೇ ಹೆಸರು, ಏಕನಾಥಮ್ಮ ಎಂದು ಇಟ್ಟರು. ಮಗು ಅತ್ತರೆ ಪಕ್ಕದ ಕೇರಿಯವರು ಎದ್ದು ಕೂರುತ್ತಿದ್ದರಂತೆ. ಬೆಳೆದು ಕುರಿಯ ಹಿಂದೆ ಹೋಗುವ ಹೊತ್ತಿಗೆ, ಈ ಗುಡ್ಡದಲ್ಲಿ ನಿಂತು ಅವಳು ಕೂಗಿದರೆ ಆಚೆ ಗುಡ್ಡದ ಕುರಿ ತಲೆ ಎತ್ತುತ್ತಿತ್ತು. ದನಿ ಬರೀ ದೊಡ್ಡದಲ್ಲ, ದಪ್ಪ. ಕಂಬಳಿಯ ಹಾಗೆ ಒರಟು.

ಅಪ್ಪನಿಗೆ ಅದು ಹಿಡಿಸುತ್ತಿರಲಿಲ್ಲ. "ಸಣ್ಣಗೆ ಮಾತಾಡೇ. ನಿನ್ನ ನೋಡಾಕೆ ಬಂದೋರು ಒಳಗೆ ಗಂಡಸರು ಯಾರೋ ಅವ್ರೆ ಅಂತ ಕೇಳ್ತಾರೆ" ಎನ್ನುತ್ತಿದ್ದ. ಹಾಗೆ ಕೇಳಿದವರೂ ಇದ್ದರು.

ಹದಿನಾರರ ವಯಸ್ಸಿನಲ್ಲಿ ಅವಳು ಅಕ್ಕನ ಜೊತೆ ಹೊಸದುರ್ಗದ ಸಂತೆಗೆ ಕಂಬಳಿ ಮಾರಲು ಹೋಗಿದ್ದಳು. ಕೊಳ್ಳಲು ಬಂದವನೊಬ್ಬ ರಂಗಕ್ಕನ ಕೈ ಹಿಡಿದೆಳೆದ. ಏಕನಾಥಮ್ಮ ಬಾಯಿ ತೆಗೆದಳು. ಆ ಬೈಗುಳಕ್ಕೆ ಸಂತೆಗೆ ಸಂತೆಯೇ ತಿರುಗಿ ನಿಂತಿತು. ಎದುರಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದ ನಾಟಕ ಕಂಪನಿಯ ಯಜಮಾನ ಎಂಜಲು ಕೈಯಲ್ಲೇ ಹೊರಗೆ ಬಂದು, ಆ ಗಂಟಲು ಯಾರದೆಂದು ವಿಚಾರಿಸಿದ. ಮೈಕು ಇಲ್ಲದ ಕಾಲ. ಕಡೆಯ ಸಾಲಿನ ನೆಲದ ಗಿರಾಕಿಗೂ ಮುಟ್ಟುವ ಗಂಟಲೆಂದರೆ ಕಂಪನಿಗೆ ಬಂಗಾರ. ಕಂಪನಿಗೆ ಕಳಿಸಲು ಅಪ್ಪ ಒಪ್ಪಲಿಲ್ಲ. ಬಟ್ಟೆಯ ಗಂಟು ಕಟ್ಟಿಕೊಟ್ಟು ಊರ ಹೊರಗಿನವರೆಗೆ ಬಂದು ಕಳಿಸಿದವಳು ರಂಗಕ್ಕ.

ಕಂಪನಿಯಲ್ಲಿ ಅವಳಿಗೆ ರಕ್ಕಸಿಯ ಪಾರ್ಟು, ಜಗಳಗಂಟಿ ಅತ್ತೆಯ ಪಾರ್ಟು. ನಾಯಕಿಯ ಹಾಡುಗಳೆಲ್ಲ ತೆಳುದನಿಯವರಿಗೆ. ಹೊಳಲ್ಕೆರೆ ಕ್ಯಾಂಪಿನಲ್ಲಿ ನಾಯಕನ ಪಾರ್ಟಿನವನ ಗಂಟಲು ಕಟ್ಟಿಹೋಯಿತು. ಯಜಮಾನ ಏಕನಾಥಮ್ಮನನ್ನು ಪರದೆಯ ಹಿಂದೆ ನಿಲ್ಲಿಸಿ, ಅವನ ಹಾಡುಗಳನ್ನೆಲ್ಲ ಹಾಡಿಸಿದ. ನಾಯಕ ಮುಂದೆ ನಿಂತು ಬಾಯಿ ಆಡಿಸಿದ. ಜನ ಒನ್ಸ್ ಮೋರ್ ಎಂದರು. ಕ್ಯಾಂಪಿನ ಕೊನೆಗೆ ಊರಿನ ದೊಡ್ಡವರು ಸೇರಿ ಹಾಡುಗಾರಿಕೆಗೆಂದು ಬೆಳ್ಳಿ ಪದಕ ಕೊಟ್ಟರು. ನಾಯಕ ತಲೆ ಬಗ್ಗಿಸಿ ಕೊರಳಿಗೆ ಹಾಕಿಸಿಕೊಂಡ. ಏಕನಾಥಮ್ಮ ಪರದೆಯ ಹಗ್ಗ ಹಿಡಿದು ನೋಡುತ್ತಾ ನಿಂತಿದ್ದಳು. ಹಗ್ಗ ಕೈಯಲ್ಲಿ ಉರಿ ಬರುವಷ್ಟು ಬಿಗಿಯಾಗಿತ್ತು.

ಆಗ ಪಕ್ಕಕ್ಕೆ ಬಂದು ನಿಂತವನು ಹಾರ್ಮೋನಿಯಂ ಮೇಷ್ಟ್ರು ಹಾಲಸ್ವಾಮಿ. "ಆ ಪದಕ ನಿಂದು ಕಣೇ. ನಿನ್ನ ದನಿಗೆ ನನ್ನ ಪೆಟ್ಟಿಗೇನೇ ಸಾಲಲ್ಲ" ಎಂದ. ಇಡೀ ಕಂಪನಿಯಲ್ಲಿ ಆ ಮಾತು ಹೇಳಿದವನು ಅವನೊಬ್ಬನೇ. ಆ ಒಂದು ಮಾತಿಗೆ ಸೋತು ಅವಳು ಅವನನ್ನು ಮದುವೆಯಾದಳು. ಮದುವೆಯಾದ ಮೇಲೂ ಅವನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದಳು.

ಟೆಂಟ್ ಸಿನಿಮಾಗಳು ಬಂದು ಕಂಪನಿ ಮುಚ್ಚಿದ ಮೇಲೆ ಗಂಡಹೆಂಡತಿ ಚಿತ್ರದುರ್ಗದ ಬುರುಜನಹಟ್ಟಿಯಲ್ಲಿ ಮನೆ ಹಿಡಿದರು. ಹಾಲಸ್ವಾಮಿ ಹಳ್ಳಿಯ ಹುಡುಗರಿಗೆ ನಾಟಕ ಕಲಿಸುತ್ತಿದ್ದ. ಏಕನಾಥಮ್ಮ ಹಾಡಲು ಜಾಗವಿಲ್ಲದೆ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಹಾಡಿಕೊಳ್ಳುತ್ತಿದ್ದಳು. ಆ ದನಿ ಕೇಳಿ ಒಂದು ದಿನ ಒಳಗೆ ಬಂದವನು ಪಾಪಣ್ಣ, ಕಾಟನ್ ಮಿಲ್ಲಿನ ನೌಕರ. ಬೊಂಬಾಯಿಯಿಂದ ಕರೆಂಟಿನ ಗಿಟಾರು ತರಿಸಿಕೊಂಡು, ಜಾಝ್ ಸೆಟ್ಟಿನ ಡ್ರಮ್ಮು ಬಾರಿಸುವವನೊಬ್ಬನನ್ನು ಸೇರಿಸಿಕೊಂಡು 'ಜೋಗಿಮಟ್ಟಿ ಮ್ಯೂಸಿಕಲ್ ಪಾರ್ಟಿ' ಎಂದು ಕಟ್ಟಿದ್ದ. ಹಾಡುವವರೇ ಸಿಕ್ಕಿರಲಿಲ್ಲ. ಯಾರು ಹಾಡಿದರೂ ಗಿಟಾರಿನ ಸದ್ದಿನಲ್ಲಿ ಮುಳುಗಿಹೋಗುತ್ತಿದ್ದರು.

"ಅಕ್ಕ, ನೀವು ಬರ್ರಿ. ನಿಮ್ಮ ನಾಟಕದ ಹಾಡುಗಳನ್ನೇ ಹಾಡ್ರಿ. ನಾನು ಜೊತೆಗೆ ಬಾರಿಸ್ತೀನಿ" ಎಂದ.

ಮೊದಲ ಪ್ರೋಗ್ರಾಂ ದುರ್ಗದ ಒಂದು ಗಣಪತಿ ಪೆಂಡಾಲಿನಲ್ಲಿ. ಬಿಳಿ ಸೀರೆಯುಟ್ಟು, ಹಣೆಗೆ ಕಾಸಗಲ ಕುಂಕುಮವಿಟ್ಟ ನಲವತ್ತರ ಹೆಂಗಸು ಬಂದು ಮೈಕಿನ ಮುಂದೆ ನಿಂತಾಗ ಹುಡುಗರು ನಕ್ಕರು. ರಕ್ಕಸಿಯ ಹಾಡು ಎತ್ತಿಕೊಂಡಾಗ ನಗು ನಿಂತಿತು. ಗಿಟಾರು ಗರ್ಜಿಸಿದರೆ ಅವಳು ಅದಕ್ಕಿಂತ ಒಂದು ಕೈ ಮೇಲೆ ಗರ್ಜಿಸಿದಳು. ಹುಡುಗರು ಕುರ್ಚಿಯ ಮೇಲೆ ಹತ್ತಿ ನಿಂತು ಕುಣಿದರು. ಅಂದಿನಿಂದ ಅವರಿಟ್ಟ ಹೆಸರು ಗುಡುಗಮ್ಮ. ಹಾಲಸ್ವಾಮಿ ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದ. ಆ ಅಬ್ಬರದಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. ಅವಳಿಗೆ ಮಾತ್ರ ಕೇಳುತ್ತಿತ್ತು, ಅಷ್ಟು ಸಾಕು ಎಂದುಕೊಂಡಿದ್ದಳು.

ಐದಾರು ವರ್ಷ ಹೀಗೆ ಹಾಡಿದ ಮೇಲೆ ಬೆಂಗಳೂರಿನ ಒಂದು ಗ್ರಾಮಫೋನ್ ಪ್ಲೇಟಿನ ಕಂಪನಿಯವರು ಹುಡುಕಿಕೊಂಡು ಬಂದರು. ಅವಳು ಹಾಡುತ್ತಾ ಬಂದ ಮೂವತ್ತು ವರ್ಷಗಳ ಹಾಡುಗಳಲ್ಲಿ ಆಯ್ದು ಒಂದು ದೊಡ್ಡ ಪ್ಲೇಟು ಮಾಡುವುದೆಂದಾಯಿತು. ಕುರಿ ಕಾಯುವಾಗ ತಾನೇ ಕಟ್ಟಿದ್ದ ಪದ, ರಕ್ಕಸಿಯ ಹಾಡುಗಳು, ಹೊಳಲ್ಕೆರೆಯಲ್ಲಿ ಪರದೆಯ ಹಿಂದೆ ಹಾಡಿದ್ದು, ಗಿಟಾರಿನ ಜೊತೆ ಕಟ್ಟಿದ್ದು, ಎಲ್ಲವೂ ಅದರಲ್ಲಿ. ಸ್ಟುಡಿಯೋದಲ್ಲಿ ಗಾಜಿನ ಆಚೆ ಕೂತಿದ್ದವನು "ಅಮ್ಮಾ, ಮೈಕಿಂದ ದೂರ ನಿಲ್ಲಿ" ಎಂದ, "ಇನ್ನೂ ದೂರ" ಎಂದ. ಅವಳು ಗೋಡೆಗೆ ಒರಗಿ ನಿಂತು ಹಾಡಿದಳು. ಪರದೆಯ ಹಿಂದಿನ ಆ ಹಾಡನ್ನು ಹಾಡುವಾಗ ಅವಳಿಗೆ ಕಣ್ಣು ತುಂಬಿತು, ಆದರೂ ಸ್ವರ ಕದಲಲಿಲ್ಲ. ಈ ಸಲ ಅದು ತನ್ನ ಹೆಸರಿನಲ್ಲಿ ಇರುತ್ತದೆ. ಸಂಜೆಯ ಬಸ್ಸಿಗೆ ಅವಳೂ ಪಾಪಣ್ಣನೂ ದುರ್ಗಕ್ಕೆ ಬಂದರು. ಟೇಪು ಸರಿಮಾಡುವ ಕೆಲಸ ನೋಡಿಕೊಂಡು ಬರುತ್ತೇನೆಂದು ಹಾಲಸ್ವಾಮಿ ಅಲ್ಲೇ ಉಳಿದ.

ಆ ಪ್ಲೇಟೇ ಈಗ ಹಿರಿಯೂರಿನ ಬೇವಿನ ಮರದಲ್ಲಿ ಕೂಗುತ್ತಿದ್ದುದು.

ಅಂದು ಸಂಜೆ ಅಲ್ಲಿ ಅವರ ಪ್ರೋಗ್ರಾಂ ಇತ್ತು. ಮೈಕ್ ಸೆಟ್ಟಿನ ಜುಂಜಣ್ಣ ಪೆಂಡಾಲಿನ ಮೂಲೆಯಲ್ಲಿ ಮಿಷಿನ್ನಿನ ಮುಂದೆ ಕೂತಿದ್ದ. ಏಕನಾಥಮ್ಮನನ್ನು ನೋಡಿ ಮುಖ ಅರಳಿಸಿ ಎದ್ದು ನಿಂತ.

"ಬರ್ರಿ ಅಕ್ಕ, ಕುಂತ್ಕಳ್ರಿ. ಬೆಂಗಳೂರಿಂದ ನಿನ್ನೆ ಬಂತು ನೋಡ್ರಿ ನಿಮ್ ಪ್ಲೇಟು. ಬೆಳಗ್ಗೆಯಿಂದ ಅದನ್ನೇ ಹಾಕ್ತಾ ಇದೀನಿ. ಎಷ್ಟು ಇಂಪಾಗೈತೆ."

"ನಿಲ್ಸು."

"ಯಾಕಕ್ಕ?"

"ನಿಲ್ಸಪ್ಪ ಅಂದೆ."

ಜುಂಜಣ್ಣ ಮುಳ್ಳು ಎತ್ತಿದ. ಏಕನಾಥಮ್ಮ ಪ್ಲೇಟಿನ ರಟ್ಟು ಕೈಗೆತ್ತಿಕೊಂಡಳು. ತನ್ನ ಚಿತ್ರ ಇತ್ತು, ಕೆನ್ನೆಗೆ ಗುಲಾಬಿ ಬಣ್ಣ ಬಳಿದಿದ್ದರು. ತನ್ನ ಹೆಸರೂ ಇತ್ತು. ಅವಳು ತಿರುಗಿ ನೋಡಿದಳು. ಬಸ್ಸಿಳಿದು ಹಿಂದೆಯೇ ಬಂದಿದ್ದ ಪಾಪಣ್ಣ ಬೆರಗಾಗಿ ನಿಂತಿದ್ದ. ಅವನ ಹಿಂದೆ ಹಾರ್ಮೋನಿಯಂ ಪೆಟ್ಟಿಗೆ ಇಳಿಸುತ್ತಿದ್ದ ಹಾಲಸ್ವಾಮಿ ಮಾತ್ರ ಬೆರಗಾಗಿರಲಿಲ್ಲ. ಅವನು ಪೆಟ್ಟಿಗೆಯ ಚಿಲಕವನ್ನೇ ನೋಡುತ್ತಿದ್ದ.

"ಮೇಷ್ಟ್ರೇ, ಏನಿದು?"

ಹಾಲಸ್ವಾಮಿ ಗಂಟಲು ಸರಿಮಾಡಿಕೊಂಡ. "ಟೇಪು ಒಂಚೂರು ಜೋರಾಗಿ ಓಡ್ಸಿದ್ರು. ಶ್ರುತಿ ಎರಡು ಮನೆ ಮೇಲೆ ಹೋಯ್ತು, ದನಿ ಸಣ್ಣಗಾಯ್ತು. ಅಷ್ಟೇ."

"ಯಾರನ್ನ ಕೇಳಿ?"

"ನನ್ನ ಕೇಳಿದ್ರು."

"ನೀವೇನಂದ್ರಿ?"

"ಹೂಂ ಅಂದೆ. ಕೇಳಾಕೆ ಚೆನ್ನಾಗಿತ್ತು ಏಕಿ. ನಿನ್ನನ್ನ ಗಂಡು ದನಿ, ಗಂಡು ದನಿ ಅಂತ ಜನ ಆಡ್ಕಳ್ಳಾದು ನಂಗೆ ಸಾಕಾಗಿತ್ತು. ನಿನ್ನ ನೋಡಿ ಜನ ನಗಬಾರ್ದು ಅಂತ..."

"ನನ್ನ ಹಾಡು ಕೇಳಿ ಜನ ನಕ್ಕಿಲ್ಲ ಮೇಷ್ಟ್ರೇ. ಜನ ಕುರ್ಚಿ ಮ್ಯಾಲೆ ಹತ್ತಿ ಕುಣಿದ್ರು. ಒಳಗೊಳಗೆ ನಗ್ತಿದ್ದೋರು ನೀವು."

ಇದನ್ನು ಅವಳು ಸಣ್ಣ ದನಿಯಲ್ಲೇ ಹೇಳಿದಳು. ಅವಳು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಪಾಪಣ್ಣ ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವನಿಗೆ ಹೆದರಿಕೆಯಾಯಿತು. ಏನಾದರೂ ಮಾಡಬೇಕೆಂದು ಅವನು ಪ್ಲೇಟಿನ ಮೇಲೆ ಮತ್ತೆ ಮುಳ್ಳು ಇಟ್ಟು, ಅಂಚಿಗೆ ಬೆರಳು ಮೆಲ್ಲಗೆ ಒತ್ತಿ ಓಟ ತಗ್ಗಿಸಿದ. ಒಂದು ಗಳಿಗೆ ಅವಳದೇ ದಪ್ಪ ದನಿ ಹಾರ್ನಿನಿಂದ ಎದ್ದು ಬಂತು. ಮರುಗಳಿಗೆಗೆ ಹೆಂಡ ಕುಡಿದವನ ಹಾಗೆ ತೂರಾಡಿತು.

"ಬಿಡು ಪಾಪಣ್ಣ" ಎಂದಳು. "ನಾನು ಹಾಡಬೇಕಾದರೆ ಮನೆಮನೆಗೂ ಹೋಗಿ ನೀನು ಬೆರಳು ಹಿಡ್ಕಂಡು ಕುಂತ್ಕಬೇಕಾ?"

ಆ ಸಂಜೆ ಅವಳು ಹಾರ್ಮೋನಿಯಂ ಪೆಟ್ಟಿಗೆ ತೆಗೆಯಲು ಬಿಡಲಿಲ್ಲ. ಗಿಟಾರು, ಜಾಝ್ ಸೆಟ್ಟು ಎರಡೇ ಇಟ್ಟುಕೊಂಡು ಹಾಡಿದಳು. ಬೆಳಗಿನಿಂದ ಪ್ಲೇಟು ಕೇಳಿ ಬಂದಿದ್ದ ಜನ, ಇದು ಬೇರೆ ಯಾರೋ ಎಂದು ಪರಸ್ಪರ ಮುಖ ನೋಡಿಕೊಂಡರು. ಮುಂದಿನ ಸಾಲಿನ ಒಬ್ಬ ಎದ್ದು ನಿಂತು, "ಪ್ಲೇಟಿನಾಗೆ ಹಾಡಿದೋರು ಬರಲ್ವಾ?" ಎಂದು ಕೇಳಿದ. ಅವಳು ಉತ್ತರ ಕೊಡಲಿಲ್ಲ. ಮುಂದಿನ ಹಾಡನ್ನು ಎಷ್ಟು ಜೋರಾಗಿ ಎತ್ತಿಕೊಂಡಳೆಂದರೆ ಜುಂಜಣ್ಣ ಓಡಿಬಂದು ಮಿಷಿನ್ನಿನ ತಿರುಪು ತಗ್ಗಿಸಬೇಕಾಯಿತು.

ಆ ವಾರವೇ ಪಾಪಣ್ಣನನ್ನು ಕರೆದುಕೊಂಡು ಬೆಂಗಳೂರಿಗೆ ಹೋದಳು. ಪ್ಲೇಟಿನ ಕಂಪನಿಯ ಯಜಮಾನ ನಯವಾದ ಮನುಷ್ಯ. ಎದ್ದು ನಿಂತು ಕೈ ಮುಗಿದ.

"ಬನ್ನಿ ಅಮ್ಮಾ, ಕೂತ್ಕೊಳ್ಳಿ. ಕಾಫಿ ತರಿಸ್ಲಾ?"

"ಕಾಫಿ ಕುಡಿಯಾಕೆ ಬಂದಿಲ್ಲ. ನನ್ನ ದನಿ ಎಲ್ಲೈತೆ, ಅದನ್ನ ತೋರಿಸ್ರಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕ. "ಓ, ಅದಾ? ಅಮ್ಮಾ, ನಿಮ್ಮ ಧ್ವನಿ ದೊಡ್ಡದು, ಇಲ್ಲ ಅನ್ನಲ್ಲ. ಆದರೆ ಪ್ಲೇಟು ತೊಗೊಳ್ಳೋರು ಮನೇಲಿ ಹಾಕ್ಕೊಂಡು ಕೇಳ್ತಾರೆ. ಬೆಳಿಗ್ಗೆ ಹೊತ್ತು ಮನೇಲಿ ಕೇಳೋ ಹೆಂಗಸಿನ ಧ್ವನಿ ಮೃದುವಾಗಿರಬೇಕು. ಗಂಡಸರಾದ್ರೆ ಬೇರೆ ಮಾತು."

"ನಾನು ಯಾರ ಮನೆಯೊಳಗೂ ಬೆಳಗ್ಗೆ ಹೊತ್ತು ಹಾಡಿದೋಳಲ್ಲ. ಬಯಲಿನಾಗೆ ಹಾಡಿದೋಳು. ನಾನು ಹಾಡಿದಂಗೆ ಇನ್ನೊಂದು ಪ್ಲೇಟು ಒತ್ತಿಸ್ರಿ."

"ಹೇಗಮ್ಮಾ? ಆ ಟೇಪು ಈಗಿಲ್ಲ. ಅದರ ಮೇಲೆ ಬೇರೆ ರೆಕಾರ್ಡಿಂಗ್ ಆಗೋಯ್ತು. ಟೇಪು ಸುಮ್ಮನೆ ಇಟ್ಕೊಳ್ಳೋಕ್ಕಾಗತ್ತಾ? ನಿಮ್ಮ ಯಜಮಾನ್ರೇ ಒಪ್ಪಿದ್ದಾರಲ್ಲ."

ಏಕನಾಥಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಗೋಡೆಗೆ ಒರಗಿ ನಿಂತು, ಕಣ್ಣು ತುಂಬಿಕೊಂಡು ಹಾಡಿದ ಆ ಹಾಡು ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಅದನ್ನು ಒರೆಸಿ ಹಾಕಿದವನಿಗೆ ತಾನು ಏನು ಮಾಡಿದೆನೆಂದೇ ಗೊತ್ತಿಲ್ಲ.

"ಒಪ್ಪಿದೋರ ದನಿ ಅಲ್ಲ ಅದು" ಎಂದಳು. "ನನ್ನ ಹೆಸರು ತೆಗೀರಿ. ನನ್ನ ಮುಖ ತೆಗೀರಿ. ಅದು ನಾನಲ್ಲ."

"ಅಮ್ಮಾ, ಸ್ವಲ್ಪ ಮೆಲ್ಲಗೆ. ಪಕ್ಕದಲ್ಲಿ ರೆಕಾರ್ಡಿಂಗ್ ನಡೀತಿದೆ."

ಆಗ ಅವಳು ತನ್ನ ಪೂರಾ ಗಂಟಲನ್ನು ಬಿಟ್ಟಳು. ಸಂತೆಯಲ್ಲಿ ಬಿಟ್ಟದ್ದಕ್ಕಿಂತ ಜೋರಾಗಿ ಬಿಟ್ಟಳು. ಪಕ್ಕದ ಕೋಣೆಯಲ್ಲಿ ವಾದ್ಯಗಳು ನಿಂತವು. ಬಾಗಿಲು ತೆಗೆದು ಪಿಟೀಲಿನವರು, ತಬಲದವರು ಇಣುಕಿದರು. ಯಜಮಾನನ ನಯ ಎಲ್ಲಿ ಹೋಯಿತೋ, ಬೆವರು ಒರೆಸಿಕೊಳ್ಳುತ್ತಾ, "ಆಯ್ತಮ್ಮ, ತೆಗೆಸ್ತೀನಿ, ತೆಗೆಸ್ತೀನಿ" ಎಂದ.

ಅವನು ಮಾತಿಗೆ ತಪ್ಪಲಿಲ್ಲ. ಅದೇ ಕೇಡಾಯಿತು. ಮುಂದಿನ ಸಲ ಒತ್ತಿಸಿದ ಪ್ಲೇಟಿನ ರಟ್ಟಿನ ಮೇಲೆ ಏಕನಾಥಮ್ಮನ ಮುಖವಿರಲಿಲ್ಲ, ಹೆಸರಿರಲಿಲ್ಲ. ಕೋಟೆಯ ಬಾಗಿಲಿನ ಚಿತ್ರವೂ 'ದುರ್ಗದ ಕೋಗಿಲೆ' ಎಂಬ ಅಕ್ಷರಗಳೂ ಇದ್ದವು. ಮೊದಲಿನದಕ್ಕಿಂತ ಹೆಚ್ಚು ಮಾರಾಟವಾಯಿತು. ಮದುವೆ ಮನೆಗಳಲ್ಲಿ, ಸಿನಿಮಾ ಟೆಂಟಿನಲ್ಲಿ ಆಟ ಶುರುವಾಗುವ ಮುಂಚೆ, ಹೋಟೆಲುಗಳಲ್ಲಿ ಅದೇ. ಆ ಕೋಗಿಲೆ ಯಾರೆಂದು ಜನ ಚರ್ಚೆ ಮಾಡುತ್ತಿದ್ದರು. ಕಾಲೇಜಿನ ಹುಡುಗಿ ಎಂದರು ಕೆಲವರು. ವಯಸ್ಸಿಗೆ ಮುಂಚೆ ತೀರಿಹೋದಳಂತೆ ಎಂದೂ ಒಬ್ಬರು ಹೇಳಿದರು. ಆ ಸುದ್ದಿಯನ್ನು ಏಕನಾಥಮ್ಮ ಸೊಪ್ಪು ಕೊಳ್ಳುವಾಗ ಕೇಳಿಸಿಕೊಂಡಳು. ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಎಸೆದು ಮನೆಗೆ ಬಂದಳು.

ಮನೆಯಲ್ಲಿ ಹಾಲಸ್ವಾಮಿ ಇದ್ದ. ಅವನನ್ನು ಹೊರಗೆ ಹಾಕಲಿಲ್ಲ. ಊಟ ಬಡಿಸುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಸುತ್ತಿದ್ದಳು. ಹಾಡಿನ ಮಾತು ಮಾತ್ರ ಇಬ್ಬರ ನಡುವೆ ಸತ್ತುಹೋಯಿತು. ಅವಳು ಪ್ರೋಗ್ರಾಮಿಗೆ ಹೊರಟಾಗ ಅವನು ಜಗಲಿಯ ಮೇಲೆ ಕೂತಿರುತ್ತಿದ್ದ. ಹೋಗಿ ಬರುತ್ತೇನೆಂದು ಅವಳು ಹೇಳುತ್ತಿರಲಿಲ್ಲ.

ಒಮ್ಮೆ ಮಾಡದಕೆರೆಗೆ ಹೋದಳು. ರಂಗಕ್ಕನಿಗೆ ತಲೆ ನೆರೆತಿತ್ತು, ಹಲ್ಲು ಬಿದ್ದಿತ್ತು. ತಂಗಿಯನ್ನು ಕಂಡೊಡನೆ ಆಕೆ ಶುರು ಮಾಡಿದ್ದೇ ಒಂದು ದೂರು.

"ಹೊಸದುರ್ಗದ ಹೋಟ್ಲಿನಾಗೆ ಯಾವಳೋ ನಿನ್ನ ಕುರಿ ಪದ ಹಾಡ್ತಾವ್ಳೆ ಕಣೇ. ನಮ್ಮ ಗುಡ್ಡದಾಗೆ ಕುಂತು ನೀನು ಕಟ್ಟಿದ್ದು. ನಂಗೆ ಮೈಯೆಲ್ಲ ಉರಿದೋಯ್ತು. ಹೋಟ್ಲು ಗಲ್ಲಾದಾಗೆ ಕುಂತಿದ್ದೋನಿಗೆ ಸರಿಯಾಗಿ ಬೈದೆ. ಕಾಪಿ ಲೋಟ ಅಲ್ಲೇ ಬಿಟ್ಟು ಎದ್ದು ಬಂದೆ."

ಏಕನಾಥಮ್ಮ ಅಕ್ಕನ ಮುಖವನ್ನೇ ನೋಡಿದಳು. "ಅದು ನಾನೇ ಕಣಕ್ಕ" ಎಂದಳು.

"ನೀನಾ? ಹೋಗೇ. ನಿನ್ನ ದನಿ ನಂಗೆ ಗೊತ್ತಿಲ್ವಾ?"

ಹಿರಿಯೂರಿನಲ್ಲಿ ಅತ್ತಿರಲಿಲ್ಲ, ಬೆಂಗಳೂರಿನಲ್ಲಿ ಅತ್ತಿರಲಿಲ್ಲ. ಅಂದು ಅಕ್ಕನ ಮಡಿಲಲ್ಲಿ ತಲೆಯಿಟ್ಟು ಏಕನಾಥಮ್ಮ ಅತ್ತಳು. ಯಾಕೆ ಅಳುತ್ತಾಳೆಂದು ತಿಳಿಯದೆ ರಂಗಕ್ಕ ಅವಳ ಬೆನ್ನು ಸವರುತ್ತಾ ಹೋಟೆಲಿನವನನ್ನು ಇನ್ನೊಂದು ಸುತ್ತು ಬೈದಳು.

ಅತ್ತದ್ದರಿಂದ ಸಿಟ್ಟು ಇಳಿಯಲಿಲ್ಲ. ಅದಕ್ಕೊಂದು ದಾರಿ ಸಿಕ್ಕಿತು ಅಷ್ಟೇ. ಅಲ್ಲಿಂದ ಮುಂದೆ ಎಲ್ಲಿ ಹಾಡಿದರೂ ಮೊದಲು ಮೈಕಿನ ಮುಂದೆ ನಿಂತು ಹೇಳುತ್ತಿದ್ದಳು: "ಪ್ಲೇಟಿನಾಗೆ ಕೇಳ್ತೀರಲ್ಲ, ಅವಳು ಇಲ್ಲ, ಬರಲ್ಲ. ಹಾಡು ನಂದು, ದನಿ ಇದು. ಬೇಕಾದೋರು ಕುಂತ್ಕಳ್ರಿ, ಬ್ಯಾಡಾದೋರು ಎದ್ದು ಹೋಗ್ರಿ." ಕೆಲವರು ನಿಜವಾಗಿಯೂ ಎದ್ದು ಹೋಗುತ್ತಿದ್ದರು. ಅವರು ಬಯಲು ದಾಟಿ ಮರೆಯಾಗುವವರೆಗೂ ಅವರ ಬೆನ್ನನ್ನೇ ನೋಡುತ್ತಾ ಅವಳು ಕಾಯುತ್ತಿದ್ದಳು. ಆಮೇಲೆ ಪಾಪಣ್ಣನಿಗೆ ಸನ್ನೆ ಮಾಡುತ್ತಿದ್ದಳು.

ಎಪ್ಪತ್ತೊಂಬತ್ತರ ಬೇಸಗೆಯಲ್ಲಿ ರಾಮಗಿರಿಯಲ್ಲಿ ಪ್ರೋಗ್ರಾಂ ಇತ್ತು. ಸ್ಟೇಷನ್ನಿನ ಹತ್ತಿರದ ಬಯಲಿನಲ್ಲಿ ಪೆಂಡಾಲು. ಸಂಜೆಯ ರೈಲಿನಿಂದ ಹಾಲಸ್ವಾಮಿ ಇಳಿದು ಬಂದ. ಹಾರ್ಮೋನಿಯಂ ಹೆಗಲ ಮೇಲಿತ್ತು. ಅವನಿಗೂ ವಯಸ್ಸಾಗಿತ್ತು, ಉಸಿರು ಬಿಡುತ್ತಾ ಪೆಟ್ಟಿಗೆ ಇಳಿಸಿ ವೇದಿಕೆಯ ಪಕ್ಕ ನಿಂತ.

"ಏಕಿ, ನಿನ್ನ ಹಳೇ ಶ್ರುತಿಗೇ ಹಿಡೀತೀನಿ. ಒಂದು ಹಾಡಿಗೆ."

ಏಕನಾಥಮ್ಮ ಅವನನ್ನು ನೋಡಿದಳು. ಅವನ ಅಂಗಿ ಬೆವರಿನಲ್ಲಿ ನೆನೆದಿತ್ತು. ಅವನು ಬಂದದ್ದು ನಾಟಕವಲ್ಲವೆಂದು ಅವಳಿಗೆ ಗೊತ್ತಾಯಿತು. ಮರುಕವೂ ಆಯಿತು. ಮರುಕ ಬೇರೆ, ಹಾಡು ಬೇರೆ.

"ಬಿಸಿಲಾಗೆ ಬಂದೀರಿ. ಅಲ್ಲಿ ನೀರೈತೆ, ಕುಡೀರಿ" ಎಂದಳು. "ಪೆಟ್ಟಿಗೆ ತೆಗಿಯಾದು ಬ್ಯಾಡ."

ಅವನು ನೀರು ಕುಡಿದು ಹೋಗಿ ಜನರ ನಡುವೆ ಕೂತ. ಅವಳು ಮೈಕಿನ ಮುಂದೆ ನಿಂತು ಎಂದಿನ ಮಾತು ಹೇಳಿದಳು. ನಾಲ್ಕಾರು ಜನ ಎದ್ದು ಹೋದರು. ಹಾಲಸ್ವಾಮಿ ಕೂತೇ ಇದ್ದ.